ಎರಡನೇ ಸಂಭ್ರಮಕ್ಕೆ ಬೇರೊಬ್ಬರು ತೊಟ್ಟ ಗೌನು: ಎಂಟು ವಾರದ ಕಥೆ

ಮೊದಲ ವಾರ

ಕಾಗದದ ಮೇಲೆ ನಮ್ಮ ಮದುವೆ ಹೋದ ವರ್ಷವೇ ಆಯಿತು. ನಾಲ್ಕೈದು ಜನರ ಮುಂದೆ ಸಹಿ ಹಾಕಿ ಮನೆಗೆ ಬಂದೆವು. ಅವತ್ತು ಬರಲಾಗದವರೆಲ್ಲ ಒಟ್ಟಿಗೆ ಸೇರುವ ದಿನ ಈಗ ಗೊತ್ತಾಗಿದೆ. ಕೈಯಲ್ಲಿ ಹನ್ನೆರಡು ವಾರ ಇದೆ. ಈ ಸಲ ನನಗೆ ಬಿಳಿ ಗೌನು ಬೇಕು, ಅದೂ ಸೆಕೆಂಡ್ ಹ್ಯಾಂಡ್. ಒಂದೇ ಒಂದು ದಿನ ತೊಟ್ಟು ಪೆಟ್ಟಿಗೆ ಸೇರಿದ ಬಟ್ಟೆ ಇನ್ನೊಮ್ಮೆ ಬೆಳಕು ಕಾಣಲಿ ಅನ್ನುವ ಆಸೆ. ದುಡ್ಡು ಉಳಿಯುತ್ತದೆ ಅನ್ನುವುದೂ ನಿಜ.

ಎರಡನೇ ಸಲಕ್ಕೆ ಬಿಳಿ ಸರಿಯಾಗುತ್ತಾ ಅಂತ ಅಕ್ಕ ಕೇಳಿದಳು. ಬಿಳಿ ಗೌನು ಇಷ್ಟು ಹೆಸರು ಮಾಡಿದ್ದು 1840ರಲ್ಲಿ ವಿಕ್ಟೋರಿಯಾ ರಾಣಿ ಮದುವೆಗೆ ಅದನ್ನು ತೊಟ್ಟ ಮೇಲೆ. ಅದಕ್ಕೂ ಮುಂಚೆ ಅಲ್ಲಿನ ಹೆಚ್ಚಿನ ಹೆಣ್ಣುಮಕ್ಕಳು ಇದ್ದದ್ದರಲ್ಲಿ ಒಳ್ಳೆಯ ಬಟ್ಟೆ ತೊಡುತ್ತಿದ್ದರು, ಬಣ್ಣ ಯಾವುದಾದರೂ ಸರಿ. ನನಗೆ ಇಷ್ಟವಾದ ವಿಷಯ ಬೇರೆ. ರಾಣಿ ತನ್ನ ಮದುವೆಯ ಲೇಸನ್ನು ಎತ್ತಿಟ್ಟು ಮರೆಯಲಿಲ್ಲ. 1897ರ ವಜ್ರ ಮಹೋತ್ಸವಕ್ಕೆ ಹೊರತಂದ ಫೋಟೋದಲ್ಲೂ ಅದೇ ಮದುವೆಯ ಮುಸುಕು ತಲೆಯ ಮೇಲಿದೆ. ಇದನ್ನು ಹೇಳಿದ ಮೇಲೆ ಅಕ್ಕ ನನ್ನ ಜೊತೆ ಹುಡುಕಲು ಕೂತಳು.

ಮೂರನೇ ವಾರ

ಫೋಟೋ ನೋಡಿ ನೋಡಿ ಕಣ್ಣು ನೋಯುತ್ತಿದೆ. ಕಲಿತದ್ದು ಜಾಸ್ತಿ. ಲೇಬಲ್ ಮೇಲಿನ ಸೈಜನ್ನು ನಂಬಬಾರದು. ಮದುವೆ ಗೌನುಗಳ ಸೈಜು ದಿನದ ಬಟ್ಟೆಗಿಂತ ಒಂದೆರಡು ನಂಬರ್ ಮುಂದಿರುತ್ತದೆ. ಮೇಲಾಗಿ ಮೊದಲು ತೊಟ್ಟವರ ಮೈಗೆ ತಕ್ಕಂತೆ ಅದನ್ನು ಬಿಗಿ ಮಾಡಿಸಿ, ಉದ್ದ ಕತ್ತರಿಸಿರುತ್ತಾರೆ. ಹಾಗಾಗಿ ಮಾರುವವರಿಗೆ ನಾನು ಕೇಳುವುದು ಇಷ್ಟೇ: ಜಿಪ್ ಹಾಕಿ, ನೆಲದ ಮೇಲೆ ಹಾಸಿ, ಎದೆ ಮತ್ತು ಸೊಂಟದ ಹತ್ತಿರ ಅಡ್ಡಕ್ಕೆ ಟೇಪ್ ಇಟ್ಟು ಫೋಟೋ ಕಳಿಸಿ. ಬಂದ ಅಳತೆಯನ್ನು ಎರಡರಿಂದ ಗುಣಿಸಿದರೆ ಸುತ್ತಳತೆ ಸಿಗುತ್ತದೆ.

ಇನ್ನೊಂದು ಫೋಟೋ ಕಿಟಕಿಯ ಬೆಳಕಿನಲ್ಲಿ, ಪಕ್ಕದಲ್ಲಿ ಬಿಳಿ ಹಾಳೆ ಇಟ್ಟು. ಹೀಗೆ ಕೇಳಿದ್ದಕ್ಕೆ ಒಂದು ಗೌನು ಕೈಬಿಟ್ಟೆ. ಲೈಟಿನ ಕೆಳಗೆ ಹಾಲಿನ ಹಾಗೆ ಕಂಡದ್ದು ಹಾಳೆಯ ಪಕ್ಕ ಬೆಣ್ಣೆಯ ಬಣ್ಣಕ್ಕೆ ತಿರುಗಿತ್ತು.

ಐದನೇ ವಾರ

ಸಿಕ್ಕಿತು! ಮಾರುವವರ ಮನೆಗೇ ಹೋಗಿ ನೋಡಿದೆವು. ಉದ್ದ ತೋಳು, ಲೇಸಿನ ಮೇಲುಭಾಗ, ಕೆಳಗೆ ಸಾದಾ ಸಾಟಿನ್. ನಾನು ಮೊದಲು ಮಾಡಿದ ಕೆಲಸ ಅದನ್ನು ಒಳಮಗ್ಗುಲು ತಿರುಗಿಸಿದ್ದು. ಹೊರಗಿನ ಚೆಲುವು ಫೋಟೋದಲ್ಲೇ ಕಂಡಿತ್ತು, ಗೌನು ಹೇಗೆ ಬಾಳಿದೆ ಅನ್ನುವುದು ಒಳಗಿನ ಹೊಲಿಗೆಯಲ್ಲಿ ಕಾಣುತ್ತದೆ.

ಕಂಕುಳ ಹತ್ತಿರ ಲೈನಿಂಗ್ ಸ್ವಲ್ಪ ಮಾಸಿತ್ತು, ಬಟ್ಟೆ ಗಟ್ಟಿಯಾಗೇ ಇತ್ತು. ಮುಂಭಾಗವನ್ನು ಬೆಳಕಿಗೆ ಹಿಡಿದು ಪೂರ್ತಿ ನೋಡಿದೆವು. ಬಣ್ಣವಿಲ್ಲದ ಸಿಹಿ ಪಾನೀಯ ಚೆಲ್ಲಿದರೆ ಅವತ್ತು ಏನೂ ಕಾಣುವುದಿಲ್ಲ. ಒಳಗೆ ಉಳಿದ ಸಕ್ಕರೆ ಗಾಳಿ ತಾಗಿ ತಿಂಗಳುಗಳ ಮೇಲೆ ಕಂದು ಕಲೆಯಾಗುತ್ತದೆ. ಅಂಥದ್ದು ಇರಲಿಲ್ಲ. ಮಣಿಗಳನ್ನು ಒಂದೊಂದಾಗಿ ಉಗುರಿನಲ್ಲಿ ಮೀಟಿದೆ, ಎಲ್ಲವೂ ದಾರದಲ್ಲಿ ಹೊಲಿದವು. ಅಂಟಿಸಿದ ಮಣಿಯಾದರೆ ಡ್ರೈಕ್ಲೀನಿಂಗ್‌ನ ದ್ರಾವಣಕ್ಕೆ ಅಂಟು ಬಿಟ್ಟುಕೊಳ್ಳಬಹುದು.

ರೇಷ್ಮೆ ಅಂತ ಹೇಳಿದ್ದರು. ಕೇಳಿಕೊಂಡು, ಒಳಗಿನ ಅಂಚಿನಿಂದ ಬಟ್ಟೆಯದೇ ಎರಡು ಎಳೆ ತೆಗೆದು ತಟ್ಟೆಯ ಮೇಲೆ ಸುಟ್ಟೆವು. ಕೂದಲು ಸುಟ್ಟ ವಾಸನೆ ಬಂತು, ಬೂದಿ ಬೆರಳಿಗೆ ಪುಡಿಯಾಯಿತು. ಪಾಲಿಯೆಸ್ಟರ್ ಆಗಿದ್ದರೆ ಕರಗಿ ಗಟ್ಟಿ ಗುಂಡಾಗಬೇಕಿತ್ತು. ರೇಷ್ಮೆಯೇ!

ಅಂಚಿನ ಒಳಗೆ ಒಂದು ಕಡೆ, ನನ್ನ ಹೆಬ್ಬೆರಳಷ್ಟು ಉದ್ದಕ್ಕೆ, ಕೈಯಲ್ಲಿ ಹಾಕಿದ ಹೊಲಿಗೆ ಇತ್ತು. ದಾರ ಬಿಳಿಯಲ್ಲ, ತಿಳಿ ಬೂದಿ. ಏನಿದು ಅಂತ ಕೇಳಿದೆ. "ಕುಣಿಯುವಾಗ ಹಿಮ್ಮಡಿ ಸಿಕ್ಕಿ ಹರಿದುಹೋಯ್ತು. ಅಮ್ಮ ಅಲ್ಲೇ ಕುರ್ಚಿ ಎಳ್ಕೊಂಡು ಹೊಲಿದುಕೊಟ್ರು. ಕೈಗೆ ಸಿಕ್ಕಿದ್ದು ಅದೊಂದೇ ದಾರ" ಅಂದರು. ಅಲ್ಲಿಗೆ ನನ್ನ ಮನಸ್ಸು ಗಟ್ಟಿಯಾಯಿತು.

ಏಳನೇ ವಾರ

ಟೈಲರ್ ಅಕ್ಕನ ಹತ್ತಿರ ಮೊದಲ ಫಿಟ್ಟಿಂಗ್. ಗೌನಿನ ಸೊಂಟ 30 ಇಂಚು, ನನ್ನದು 31. ಕೂರಲು, ಉಸಿರಾಡಲು ಇನ್ನೊಂದು ಇಂಚು ಬೇಕು. ಪಕ್ಕದ ಹೊಲಿಗೆ ಬಿಡಿಸಿ ನೋಡಿದರೆ ಒಳಗೆ ಮುಕ್ಕಾಲು ಇಂಚು ಮಾರ್ಜಿನ್ ಇದೆ. ಕಾಲು ಇಂಚು ಉಳಿಸಿದರೆ ಒಂದೊಂದು ಪದರಕ್ಕೆ ಅರ್ಧ ಇಂಚು ಸಿಗುತ್ತದೆ. ಎರಡು ಪಕ್ಕ ಸೇರಿ ನಾಲ್ಕು ಪದರ, ಅಂದರೆ ಸರಿಯಾಗಿ ಎರಡು ಇಂಚು. 32! ಟೈಲರ್ ಅಕ್ಕ ಟೇಪ್ ಹಿಡಿದು ನಕ್ಕರು, ನಾನಂತೂ ಅವರ ಕೈ ಹಿಡಿದುಕೊಂಡೆ.

ಒಂದು ತೊಂದರೆ ಉಳಿಯಿತು. ಬಿಚ್ಚಿದ ಜಾಗದಲ್ಲಿ ಹಳೆಯ ಸೂಜಿ ತೂತುಗಳ ಸಾಲು ಎದ್ದು ಕಾಣುತ್ತದೆ, ಸಾಟಿನ್‌ನಲ್ಲಿ ಅದು ಮುಚ್ಚಿಹೋಗುವುದಿಲ್ಲ. ಒಳಗೆ ಮಡಚಿದ್ದ ಬಟ್ಟೆಯ ಬಣ್ಣವೂ ಒಂದು ಚೂರು ಹೆಚ್ಚು ಬೆಳ್ಳಗಿದೆ. ತೋಳು ನನಗೆ ಎರಡು ಇಂಚು ಉದ್ದವಿತ್ತು. ಅಲ್ಲಿ ಕತ್ತರಿಸಿದ ಲೇಸಿನ ಹೂಗಳನ್ನು ಬಿಡಿಬಿಡಿಯಾಗಿ ತೆಗೆದು, ಸೊಂಟದ ಎರಡೂ ಪಕ್ಕ ಬಳ್ಳಿಯ ಹಾಗೆ ಕೂರಿಸೋಣ ಅಂದರು. ಟಾಕು ಹಾಕಿ ತೋರಿಸಿದರು. ಮೊದಲಿನಿಂದಲೂ ಹಾಗೇ ಇತ್ತೇನೋ ಅನ್ನಿಸುತ್ತದೆ.

ಎಂಟನೇ ವಾರ

ಹಿಂದೆ ನೆಲದ ಮೇಲೆ ಎಳೆಯುವ ಭಾಗವನ್ನು ಕತ್ತರಿಸುತ್ತಿಲ್ಲ. ಎತ್ತಿ ಸಿಕ್ಕಿಸಲು ಒಳಗೆ ಐದು ಗುಂಡಿ, ಐದು ದಾರದ ಕುಣಿಕೆ ಬರುತ್ತವೆ. ಮುಂದಿನ ಫಿಟ್ಟಿಂಗ್‌ಗೆ ಅವತ್ತು ಹಾಕುವ ಚಪ್ಪಲಿಯನ್ನೇ ತರಬೇಕು, ಅದಿಲ್ಲದೆ ಉದ್ದಕ್ಕೆ ಪಿನ್ ಹಾಕುವುದಿಲ್ಲ ಅಂತ ಟೈಲರ್ ಅಕ್ಕ ಖಡಾಖಂಡಿತವಾಗಿ ಹೇಳಿದ್ದಾರೆ. ಅಂಚು ಸರಿ ಮಾಡುವಾಗ ಆ ಬೂದಿ ದಾರ ಬಿಚ್ಚಿ ಬಿಳಿ ಹಾಕಲಾ ಅಂತಲೂ ಕೇಳಿದರು. ಬೇಡ ಅಂದೆ. ಆ ಜಾಗಕ್ಕೆ ಸೀಮೆಸುಣ್ಣದಲ್ಲಿ ಒಂದು ಗುರುತು ಹಾಕಿಟ್ಟಿದ್ದಾರೆ.