ಸಾಲುಮರಗಳ ನಡುವಿನ ಆ ನಡಿಗೆ

ಅಕ್ಟೋಬರ್ ಕೊನೆಯಲ್ಲಿ ವಿಯೆನ್ನಾದ ತಂಗಿಯ ಮನೆಗೆ ಹೋಗಿದ್ದಾಗ, ಆ ಊರಿನ ಅರಮನೆಗಳನ್ನೂ ವಸ್ತುಸಂಗ್ರಹಾಲಯಗಳನ್ನೂ ಬದಿಗಿಟ್ಟು ಒಂದು ಇಡೀ ಭಾನುವಾರವನ್ನು ಒಂದೇ ಸಿನಿಮಾಕ್ಕೆ ಮೀಸಲಿಟ್ಟೆ. ಅದು 1949ರಲ್ಲಿ ತೆರೆಕಂಡ, ಕರೋಲ್ ರೀಡ್ ನಿರ್ದೇಶನದ ‘ದ ಥರ್ಡ್ ಮ್ಯಾನ್’. ಹೈಸ್ಕೂಲಿನ ದಿನಗಳಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳನ್ನು ಬಾಡಿಗೆಗೆ ತಂದು ಕುಳಿತಲ್ಲೇ ಓದಿ ಮುಗಿಸುತ್ತಿದ್ದ ನನಗೆ, ಕೊಲೆಗಾರ ಯಾರೆಂದು ತಿಳಿದೊಡನೆ ಅಪರಾಧದ ಕಥೆ ಮುಗಿಯಿತೆಂಬ ನಂಬಿಕೆಯಿತ್ತು. ಬೆಂಗಳೂರಿನ ಒಂದು ಫಿಲ್ಮ್ ಸೊಸೈಟಿಯಲ್ಲಿ ಈ ಚಿತ್ರವನ್ನು ಮೊದಲ ಬಾರಿ ನೋಡಿದ ಸಂಜೆ ಆ ನಂಬಿಕೆ ಕದಲಿತು. ಅಪರಾಧಿ ಯಾರೆಂಬುದು ಇಲ್ಲಿ ನಡುವಿನಲ್ಲೇ ಗೊತ್ತಾಗಿಬಿಡುತ್ತದೆ. ಅವನು ನಮ್ಮ ಬಾಲ್ಯದ ಗೆಳೆಯನೇ ಆಗಿದ್ದರೆ ನಾವೇನು ಮಾಡಬೇಕು ಎಂಬ ಪ್ರಶ್ನೆ ಮಾತ್ರ ಕೊನೆಯವರೆಗೂ ಉಳಿದುಕೊಳ್ಳುತ್ತದೆ.

ಬೆಳಿಗ್ಗೆ ಮೊದಲು ಪ್ರಾಟರ್ ಉದ್ಯಾನದ ದೈತ್ಯ ಚಕ್ರವನ್ನು ಹತ್ತಿದೆವು. 1897ರಲ್ಲಿ ನಿಲ್ಲಿಸಿದ ಈ ಚಕ್ರ ಯುದ್ಧದಲ್ಲಿ ಸುಟ್ಟುಹೋಗಿ, ಮತ್ತೆ ಕಟ್ಟಿದಾಗ 30 ಪೆಟ್ಟಿಗೆಗಳ ಜಾಗದಲ್ಲಿ 15ನ್ನು ಮಾತ್ರ ಹೊತ್ತುಕೊಂಡಿತು. ಸುಮಾರು 65 ಮೀಟರ್ ಎತ್ತರದಿಂದ ಕೆಳಗೆ ನೋಡಿದಾಗ, ನೀರು ಬೆರೆಸಿದ ಪೆನ್ಸಿಲಿನ್ ಮಾರಿ ಮಕ್ಕಳನ್ನು ಬಲಿ ತೆಗೆದುಕೊಂಡ, ಚಿತ್ರದ ಅಪರಾಧಿ ಹ್ಯಾರಿ ಲೈಮ್, ನೆಲದ ಮೇಲೆ ಓಡಾಡುವ ಜನರನ್ನು ಬರಿಯ ಚುಕ್ಕೆಗಳೆಂದು ತೋರಿಸುವ ದೃಶ್ಯ ನೆನಪಾಗಿ ಮೈ ಜುಮ್ಮೆಂದಿತು. ಆ ಮಾತಿಗಿಂತ ಹೆಚ್ಚು ಹೆದರಿಸುವುದು ಅದನ್ನು ಹೇಳುವಾಗ ಹ್ಯಾರಿಯ ಪಾತ್ರದ ಆರ್ಸನ್ ವೆಲ್ಸ್ ಮುಖದಲ್ಲಿರುವ ಸ್ನೇಹ.

ಅಲ್ಲಿಂದ ಷ್ರೈಫೋಗೆಲ್‌ಗಾಸೆಯ 8ನೇ ನಂಬರಿನ ಬಾಗಿಲಿಗೆ ಹೋದೆವು. ಚಿತ್ರ ಶುರುವಾಗಿ ಒಂದು ಗಂಟೆಯಾದ ಮೇಲೆ, ಸತ್ತನೆಂದು ಎಲ್ಲರೂ ನಂಬಿದ್ದ ಹ್ಯಾರಿ ಮೊದಲ ಬಾರಿ ಕಾಣಿಸಿಕೊಳ್ಳುವುದು ಇದೇ ಬಾಗಿಲಿನ ಕತ್ತಲಲ್ಲಿ, ಬೂಟಿನ ಬಳಿ ಬಂದು ಕೂರುವ ಬೆಕ್ಕಿನೊಂದಿಗೆ. ಹಗಲಿನಲ್ಲಿ ಅದೊಂದು ಸಾಧಾರಣ ಬಾಗಿಲು. ಕಲ್ಲುಹಾಸಿನ ಬೀದಿಗೆ ನೀರು ಹೊಡೆಸಿ, ಛಾಯಾಗ್ರಾಹಕ ರಾಬರ್ಟ್ ಕ್ರಾಸ್ಕರ್ ಕ್ಯಾಮರಾವನ್ನು ಓರೆಯಾಗಿ ಹಿಡಿದು, ಎದುರು ಕಿಟಕಿಯ ಬೆಳಕನ್ನು ಥಟ್ಟನೆ ಆ ಮುಖದ ಮೇಲೆ ಬೀಳಿಸಿದಾಗ ಮಾತ್ರ ಅದು ಬೇರೆಯೇ ಆಗುತ್ತದೆ.

ಆದರೆ ನನ್ನನ್ನು ಇಷ್ಟು ದೂರ ಎಳೆತಂದದ್ದು, ನಿಜ ಹೇಳಬೇಕೆಂದರೆ, ಸಂಗೀತ. ಆಂಟನ್ ಕರಾಸ್ ವಿಯೆನ್ನಾದ ವೈನ್ ಅಂಗಡಿಗಳಲ್ಲಿ ಝಿದರ್ ನುಡಿಸಿ ಬದುಕುತ್ತಿದ್ದ ಕಲಾವಿದ. ಝಿದರ್ ನೋಡಲು ನಮ್ಮ ಸ್ವರಮಂಡಲದ ನೆಂಟನಂತಿರುವ ತಂತಿವಾದ್ಯ. ಒಂದು ಕೂಟದಲ್ಲಿ ಅವರ ವಾದನ ಕೇಳಿದ ರೀಡ್, ದೊಡ್ಡ ವಾದ್ಯಮೇಳದ ಆಲೋಚನೆಯನ್ನೇ ಕೈಬಿಟ್ಟು, ಅವರನ್ನು ಲಂಡನ್ನಿಗೆ ಕರೆಸಿಕೊಂಡು ಇಡೀ ಚಿತ್ರಕ್ಕೆ ಆ ಒಂದೇ ವಾದ್ಯವನ್ನು ನುಡಿಸುವಂತೆ ಮಾಡಿದರು. ಹೆಸರುಗಳು ಮೂಡುವಾಗಲೂ ತೆರೆಯ ತುಂಬ ಮಿಡಿಯುವುದು ಅದರ ತಂತಿಗಳೇ. ಅಪರಾಧ ಚಿತ್ರವೆಂದರೆ ಖಳ ಬರುವ ಮೊದಲೇ ಹಿನ್ನೆಲೆಯಲ್ಲಿ ನಗಾರಿ ಬಡಿದು ಪ್ರೇಕ್ಷಕನಿಗೆ ಇಂಥಲ್ಲಿ ಹೆದರು ಎಂದು ಹೇಳಿಕೊಡುವುದು ನಮ್ಮಲ್ಲಿ ರೂಢಿಯಾಗಿದೆ, ಮತ್ತು ಅದು ಪ್ರೇಕ್ಷಕನ ಬುದ್ಧಿಗೆ ಮಾಡುವ ಅವಮಾನವೆಂದು ನಾನು ಭಾವಿಸುತ್ತೇನೆ. ಕರಾಸ್ ಅವರ ಝಿದರ್ ಯಾರ ಪಕ್ಷವನ್ನೂ ವಹಿಸುವುದಿಲ್ಲ. ಮಕ್ಕಳ ಆಸ್ಪತ್ರೆಯ ದುಃಖ ಗೊತ್ತಾದ ಮೇಲೂ ಅದು ಉಲ್ಲಾಸದಿಂದಲೇ ಮಿಡಿಯುತ್ತಿರುತ್ತದೆ; ಊರು ತನ್ನ ಪಾಡಿಗೆ ಬದುಕುತ್ತಿದೆ ಎಂಬ ಅರಿವಿನಿಂದ ಹುಟ್ಟುವ ಸಂಕಟವನ್ನು ಯಾವ ಶೋಕರಾಗವೂ ಹುಟ್ಟಿಸಲಾರದು.

ಮಧ್ಯಾಹ್ನ 71ನೇ ನಂಬರಿನ ಟ್ರ್ಯಾಮ್ ಹಿಡಿದು ಕೇಂದ್ರ ಸ್ಮಶಾನಕ್ಕೆ ಹೋದೆವು. ಬೀಥೋವನ್, ಶೂಬರ್ಟ್, ಬ್ರಾಮ್ಸ್ ಅವರ ಸಮಾಧಿಗಳಿರುವ ಜಾಗವದು. ಅವುಗಳ ಮುಂದೆ ಒಂದಿಷ್ಟು ಹೊತ್ತು ನಿಂತು, ನಾವು ನಿಜವಾಗಿ ಹುಡುಕಿಕೊಂಡು ಬಂದಿದ್ದ ಸಾಲುಮರಗಳ ಹಾದಿಗೆ ಬಂದೆವು. ಚಿತ್ರದ ಕೊನೆಯಲ್ಲಿ ಹ್ಯಾರಿಯನ್ನು ಹೂಳಿದ ಬಳಿಕ ಅವನ ಪ್ರೇಯಸಿ ಅನ್ನಾ ದೂರದಿಂದ ನಡೆದು ಬರುತ್ತಾಳೆ. ಅವಳಿಗಾಗಿ ಕಾದು ನಿಂತವನು ಚರಂಡಿಯ ಸುರಂಗದಲ್ಲಿ ಹ್ಯಾರಿಗೆ ಗುಂಡಿಟ್ಟ ಗೆಳೆಯ ಹಾಲಿ. ಎಲೆಗಳು ಉದುರುತ್ತಿರುತ್ತವೆ, ಕ್ಯಾಮರಾ ಕದಲುವುದಿಲ್ಲ, ಅವಳು ಅವನತ್ತ ಕಣ್ಣೆತ್ತಿಯೂ ನೋಡದೆ ದಾಟಿ ಹೋಗುತ್ತಾಳೆ. ಕಥೆ ಬರೆದ ಗ್ರಹಾಂ ಗ್ರೀನ್ ಅವರಿಗೆ ಈ ಅಂತ್ಯ ಒಪ್ಪಿಗೆಯಿರಲಿಲ್ಲ. ಅವರ ಕಿರುಕಾದಂಬರಿಯಲ್ಲಿ ಅವರಿಬ್ಬರೂ ಜೊತೆಯಾಗಿಯೇ ನಡೆದು ಹೋಗುತ್ತಾರೆ. ಮುಂದೆ ಅವರೇ ಪುಸ್ತಕದ ಮುನ್ನುಡಿಯಲ್ಲಿ ರೀಡ್ ಮಾಡಿದ್ದೇ ಸರಿಯೆಂದು ಒಪ್ಪಿಕೊಂಡು, ಕರಾಸ್ ಸಿಗುವರೆಂದು ಆಗ ತಮ್ಮಿಬ್ಬರಲ್ಲಿ ಯಾರಿಗೂ ತಿಳಿದಿರಲಿಲ್ಲ ಎಂದರು. ಒಬ್ಬ ಲೇಖಕ ತನ್ನ ಕಥೆಯ ಕೊನೆಯನ್ನು ಒಬ್ಬ ವಾದಕನಿಗೆ ಬಿಟ್ಟುಕೊಟ್ಟ ಈ ಪ್ರಸಂಗವನ್ನು ನೆನೆದಾಗಲೆಲ್ಲ ನನಗೆ ಗ್ರೀನ್ ಅವರ ಮೇಲಿನ ಗೌರವ ಹೆಚ್ಚುತ್ತದೆ.

ಸಂಜೆ ಆಪರ್ನ್‌ರಿಂಗ್‌ನ ಬುರ್ಗ್ ಕಿನೋದಲ್ಲಿ ಕುಳಿತೆವು. ದಶಕಗಳಿಂದ ಈ ಚಿತ್ರವನ್ನು ಮತ್ತೆ ಮತ್ತೆ ತೋರಿಸುತ್ತ ಬಂದಿರುವ ಚಿತ್ರಮಂದಿರವದು. ನಮ್ಮಲ್ಲಿ 1995ರ ‘ಓಂ’ ಮರುಬಿಡುಗಡೆಯಾದಾಗಲೆಲ್ಲ ಜನ ಮತ್ತೆ ಸಾಲು ನಿಂತದ್ದನ್ನು ಕಂಡವನು ನಾನು. ಸೋತ ಚಿತ್ರ ಮಾತ್ರವೇ ಕಲ್ಟ್ ಆಗಬಲ್ಲದೆಂಬ ವಾದವನ್ನು ನಾನು ಒಪ್ಪುವುದಿಲ್ಲ. ಕಥೆ ಪೂರ್ತಿ ಗೊತ್ತಿದ್ದೂ ಜನ ಮರಳಿ ಬರುವ ಚಿತ್ರವೇ ಕಲ್ಟ್, ಅದು ಗೆದ್ದಿರಲಿ, ಸೋತಿರಲಿ. ಅಂದು ನಮ್ಮ ಮುಂದಿನ ಸಾಲಿನಲ್ಲಿದ್ದ ವೃದ್ಧ ದಂಪತಿ ಬೆಕ್ಕು ಬರುವ ಮೊದಲೇ ಮುಗುಳ್ನಗುತ್ತಿದ್ದರು.

ಅನ್ನಾ ಹಾಲಿಯನ್ನು ಶಿಕ್ಷಿಸುತ್ತಿದ್ದಾಳೆ ಎಂದೇ ನಾನು ಇಷ್ಟು ವರ್ಷ ನಂಬಿದ್ದೆ. ಹೊರಗೆ ಬಂದ ಮೇಲೆ ತಂಗಿ, “ಇಲ್ಲ ಅಣ್ಣ, ಅವಳಿಗೆ ಅವನು ಕಾಣಿಸುತ್ತಲೇ ಇಲ್ಲ. ಅವಳು ಇನ್ನೂ ಹ್ಯಾರಿಯ ಜೊತೆಗೇ ನಡೆಯುತ್ತಿದ್ದಾಳೆ” ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ಮತ್ತೆ ಒಳಗೆ ಹೋಗಿ ಮುಂದಿನ ಪ್ರದರ್ಶನ ಯಾವಾಗ ಎಂದು ವಿಚಾರಿಸಿ ಎರಡು ಟಿಕೆಟ್ ತೆಗೆದುಕೊಂಡೆವು.