ಒಡೆಯದೆ ಒಳಗೆ ನೋಡುವ ಕೆಲಸ

ಆ ಡಬ್ಬಿಯನ್ನು ಆ ಇಬ್ಬರು ಪಳೆಯುಳಿಕೆ ಸಂಶೋಧಕರು ವಿಮಾನದಲ್ಲಿ ತೊಡೆಯ ಮೇಲೆ ಇಟ್ಟುಕೊಂಡೇ ಬಂದಿದ್ದರು. ಸೂಟ್‌ಕೇಸಿಗೆ ಹಾಕಲು ಧೈರ್ಯ ಬರಲಿಲ್ಲವಂತೆ. ಮುಚ್ಚಳ ತೆಗೆದರೆ ಸ್ಪಂಜಿನ ಗುಳಿಯಲ್ಲಿ ಒಂದು ಹಲ್ಲು. ಹತ್ತಾರು ಲಕ್ಷ ವರ್ಷ ಹಳೆಯ ಕೋತಿಯ ಹಲ್ಲು. ನನ್ನ ಕಿರುಬೆರಳಿನ ಉಗುರಿಗಿಂತ ಚಿಕ್ಕದು. ಅದನ್ನು ನಾನು ಸ್ಟ್ಯಾಂಡಿನ ಮೇಲೆ ಕೂರಿಸುವಾಗ ಅವರಿಬ್ಬರೂ ಉಸಿರು ಬಿಗಿಹಿಡಿದು ನಿಂತಿದ್ದರು. ಹಿಂದಿನ ದಿನ ಅದೇ ಸ್ಟ್ಯಾಂಡಿನ ಮೇಲೆ ಒಂದು ಲಿಥಿಯಂ ಬ್ಯಾಟರಿ ಇತ್ತು.

ನಾನಿರುವುದು ಫ್ರಾನ್ಸಿನ ಗ್ರೆನೋಬಲ್‌ನಲ್ಲಿ. ಸುತ್ತ ಮೂರು ಕಡೆ ಬೆಟ್ಟಗಳು: ವೆರ್ಕೋರ್, ಶಾರ್ತ್ರೂಸ್, ಬೆಲ್‌ಡೋನ್. ದ್ರಾಕ್ ಮತ್ತು ಇಝೇರ್ ನದಿಗಳು ಸೇರುವ ಮೂಲೆಯಲ್ಲಿ ಒಂದು ದೊಡ್ಡ ಉಂಗುರದಂಥ ಕಟ್ಟಡ. ಅದೇ ಯುರೋಪಿಯನ್ ಸಿಂಕ್ರೋಟ್ರಾನ್, ಅಂದರೆ ಪ್ರಬಲ ಎಕ್ಸ್-ರೇ ಹುಟ್ಟಿಸುವ ಯಂತ್ರ. ಎಲ್ಲರ ಬಾಯಲ್ಲಿ ಇ.ಎಸ್.ಆರ್.ಎಫ್. ಊರಿನಿಂದ ಫೋನ್ ಮಾಡುವವರೆಲ್ಲ ಕೇಳುತ್ತಾರೆ, ಅಲ್ಲಿ ಏನು ಸಂಶೋಧನೆ ಮಾಡುತ್ತೀಯ ಅಂತ. ಒಂದು ಮಾತಿನಲ್ಲಿ ಉತ್ತರ ಕೊಡುವುದು ಕಷ್ಟ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಉಂಗುರದ ಸುತ್ತಳತೆ 844 ಮೀಟರ್. ಅದರೊಳಗಿನ ಕೊಳವೆಯಲ್ಲಿ ಗಾಳಿಯೇ ಇಲ್ಲ ಅನ್ನುವಷ್ಟು ಖಾಲಿ. ಅಲ್ಲಿ ಎಲೆಕ್ಟ್ರಾನುಗಳು ಹೆಚ್ಚುಕಡಿಮೆ ಬೆಳಕಿನ ವೇಗದಲ್ಲಿ ಓಡುತ್ತವೆ. ಸೆಕೆಂಡಿಗೆ ಸುಮಾರು 3,55,000 ಸುತ್ತು. ಆಯಸ್ಕಾಂತಗಳು ಅವುಗಳನ್ನು ಬಾಗಿಸಿದಾಗಲೆಲ್ಲ ಎಕ್ಸ್-ರೇ ಹೊರಗೆ ಚಿಮ್ಮುತ್ತದೆ. ಉಂಗುರದ ಸುತ್ತ 40ಕ್ಕೂ ಹೆಚ್ಚು ಕಡೆ ಆ ಎಕ್ಸ್-ರೇಯನ್ನು ಹೊರಕ್ಕೆ ತೆಗೆದು ಕೆಲಸಕ್ಕೆ ಹಚ್ಚುತ್ತಾರೆ. ಅವೇ ಬೀಮ್‌ಲೈನ್‌ಗಳು. 1994ರಿಂದ ಹೊರಗಿನ ಸಂಶೋಧಕರು ಇಲ್ಲಿಗೆ ಬರುತ್ತಿದ್ದಾರೆ. 2018ರ ಕೊನೆಯಲ್ಲಿ ಯಂತ್ರ ನಿಲ್ಲಿಸಿ, ಹಳೆಯ ಉಂಗುರವನ್ನೇ ಕಳಚಿ, ಅದೇ ಸುರಂಗದಲ್ಲಿ ಹೊಸದನ್ನು ಜೋಡಿಸಿದರು. 2020ರಲ್ಲಿ ಅದು ಮತ್ತೆ ಶುರುವಾಯಿತು.

ನಾನು ಇಲ್ಲಿನ ಒಂದು ಬೀಮ್‌ಲೈನ್‌ನಲ್ಲಿದ್ದೇನೆ. ಬರುವ ತಂಡಕ್ಕೆ ನನ್ನಂಥವರಲ್ಲಿ ಒಬ್ಬರನ್ನು ಜೊತೆ ಮಾಡುತ್ತಾರೆ. ಅದಕ್ಕೆ ಇಲ್ಲಿ ಲೋಕಲ್ ಕಾಂಟ್ಯಾಕ್ಟ್ ಅನ್ನುತ್ತಾರೆ. ಪ್ರಶ್ನೆ ಅವರದು, ಯಂತ್ರ ನಮ್ಮದು. ಒಂದು ಶಿಫ್ಟ್ 8 ಗಂಟೆಯದು, ದಿನಕ್ಕೆ ಮೂರು. ಬೀಮ್ ರಾತ್ರಿಯೂ ನಿಲ್ಲುವುದಿಲ್ಲ, ಹಾಗಾಗಿ ತಂಡದವರೂ ಸರದಿಯಲ್ಲಿ ಮಲಗುತ್ತಾರೆ. ಸಿಕ್ಕ ಒಂದೆರಡು ದಿನದಲ್ಲಿ ಒಂದು ಗಂಟೆಯೂ ಹಾಳಾಗಬಾರದು ಅನ್ನುವ ಆತುರ ಎಲ್ಲರಿಗೂ ಇರುತ್ತದೆ. ಆ ಹಲ್ಲಿನ ರಾತ್ರಿ ನಮಗೆ ಮೂರು ಗಂಟೆ ಹೋಯಿತು. ಹಲ್ಲನ್ನು ನಿಲ್ಲಿಸಿದ್ದ ಮೇಣ ಕಣ್ಣಿಗೆ ಕಾಣದಷ್ಟು ಜರುಗಿ, ಚಿತ್ರದಲ್ಲಿ ಪ್ರತಿ ಅಂಚೂ ಎರಡೆರಡಾಗಿ ಬರುತ್ತಿತ್ತು. ಕೊನೆಗೆ ಮೇಣ ಬಿಟ್ಟು, ಥರ್ಮೋಕೋಲ್ ತುಂಡಿನಲ್ಲಿ ಗುಳಿ ಕೊರೆದು ಹಲ್ಲನ್ನು ಅದರೊಳಗೆ ಕೂರಿಸಿದೆವು. ಅದನ್ನು ನನಗೆ ಕಲಿಸಿದವರು ಮೂಳೆ ಸವೆತದ ಮೇಲೆ ಕೆಲಸ ಮಾಡುವ ಒಬ್ಬ ವೈದ್ಯೆ.

ಹಲ್ಲಿನಲ್ಲಿ ಅಂಥದ್ದೇನಿದೆ ಅಂತ ಅವತ್ತು ರಾತ್ರಿಯೇ ಕೇಳಿ ತಿಳಿದುಕೊಂಡೆ. ನಾನು ಓದಿದ್ದು ಭೌತವಿಜ್ಞಾನ, ಇದನ್ನು ಯಾರೂ ನನಗೆ ಹೇಳಿರಲಿಲ್ಲ. ಹಲ್ಲಿನ ಎನಾಮೆಲ್ ಬೆಳೆಯುವಾಗ ದಿನಕ್ಕೊಂದು ಗೆರೆ ಬೀಳುತ್ತದೆ. ಮರದ ಕಾಂಡದಲ್ಲಿ ವರ್ಷಕ್ಕೊಂದು ಉಂಗುರ ಇದ್ದ ಹಾಗೆ. ಹುಟ್ಟುವ ಹೊತ್ತಿಗೆ ಬೆಳೆಯುತ್ತಿರುವ ಹಲ್ಲಾದರೆ ಹುಟ್ಟಿದ ದಿನವೂ ಅದರಲ್ಲಿ ಎದ್ದು ಕಾಣುವ ಗೆರೆಯಾಗಿ ಉಳಿಯುತ್ತದೆ. ಹಲ್ಲು ಬೆಳೆದು ಮುಗಿಯುವ ಮೊದಲೇ ಮರಿ ಸತ್ತಿದ್ದರೆ, ಅಲ್ಲಿಂದ ಎಣಿಸುತ್ತಾ ಹೋಗಿ ಅದು ಎಷ್ಟು ದಿನ ಬದುಕಿತ್ತು ಎಂದು ಹೇಳಬಹುದು. ಮೊದಲೆಲ್ಲ ಇದನ್ನು ನೋಡಲು ಹಲ್ಲನ್ನು ಕೊಯ್ಯಬೇಕಿತ್ತು. ಈಗ ಬೇಕಿಲ್ಲ. ಟಾನ್ಯಾ ಸ್ಮಿತ್, ಪಾಲ್ ಟಫೊರೊ ಮತ್ತು ಜೊತೆಗಾರರು ನಿಯಾಂಡರ್ತಾಲ್ (ಅಳಿದುಹೋದ ಪ್ರಾಚೀನ ಮಾನವ) ಮಕ್ಕಳ ಹಲ್ಲುಗಳನ್ನು ಇಲ್ಲಿ ಹೀಗೆಯೇ ನೋಡಿದರು. ಆ ಮಕ್ಕಳು ನಮ್ಮ ಮಕ್ಕಳಿಗಿಂತ ಬೇಗ ಬೆಳೆಯುತ್ತಿದ್ದರು ಎಂದು 2010ರಲ್ಲಿ ಬರೆದರು. ಒಂದು ಮಗುವಿನ ಬಾಲ್ಯ ದಿನದಿನದ ಲೆಕ್ಕದಲ್ಲಿ ಕಲ್ಲಿನಂತಾದ ಹಲ್ಲಿನೊಳಗೆ ಕೂತಿದೆ ಅಂದರೆ! ನನಗೆ ಅವತ್ತು ನಿದ್ದೆ ಬರಲಿಲ್ಲ.

ಇಲ್ಲಿ ಒಂದು ತೊಡಕಿದೆ. ಎಕ್ಸ್-ರೇ ಅಂದ ಕೂಡಲೇ ನಮಗೆ ಆಸ್ಪತ್ರೆಯ ಫಿಲ್ಮ್ ನೆನಪಾಗುತ್ತದೆ. ಮೂಳೆ ಕಿರಣವನ್ನು ತಡೆಯುತ್ತದೆ, ಮಾಂಸ ಬಿಡುತ್ತದೆ, ಅದಕ್ಕೇ ಮೂಳೆ ಬೆಳ್ಳಗೆ ಕಾಣುತ್ತದೆ. ಆದರೆ ಹಲ್ಲಿನ ಗೆರೆಯೂ ಅದರ ಪಕ್ಕದ ಜಾಗವೂ ಕಿರಣವನ್ನು ತಡೆಯುವುದು ಹೆಚ್ಚುಕಡಿಮೆ ಒಂದೇ ಸಮ. ಆಗ ಏನು ಮಾಡುವುದು? ಬಿಸಿಲಿನಲ್ಲಿ ನೀರಿನ ತೊಟ್ಟಿಯ ತಳ ನೋಡಿದ್ದೀರಲ್ವಾ? ಬೆಳಕಿನ ಗೆರೆಗಳು ಬಲೆಯ ಹಾಗೆ ಕುಣಿಯುತ್ತಿರುತ್ತವೆ. ನೀರು ಬೆಳಕನ್ನು ತಡೆಯುತ್ತಿಲ್ಲ, ಅಲೆ ಇರುವ ಕಡೆ ಸ್ವಲ್ಪ ಬಾಗಿಸುತ್ತಿದೆ, ಅಷ್ಟೆ. ಎಕ್ಸ್-ರೇ ಕೂಡ ಹಾಗೆಯೇ ಅಂಚುಗಳಲ್ಲಿ ಚೂರೇ ಚೂರು ಬಾಗುತ್ತದೆ. ಕ್ಯಾಮೆರಾವನ್ನು ಸ್ಯಾಂಪಲ್‌ಗೆ ಅಂಟಿಸಿ ಇಡದೆ ದೂರ ತೆಗೆದುಕೊಂಡು ಹೋದರೆ ಆ ಬಾಗು ಗೆರೆಯಾಗಿ ಕಾಣತೊಡಗುತ್ತದೆ. ಇದಕ್ಕೆ ಫೇಸ್ ಕಾಂಟ್ರಾಸ್ಟ್ ಎನ್ನುತ್ತಾರೆ. ಇದನ್ನು ಇಷ್ಟು ಬಿಡಿಸಿ ಹೇಳಲು ಕಾರಣವಿದೆ. ಮುಂದೆ ಹೇಳುವ ಎರಡು ಕಥೆಗಳಿಗೂ ಕೀಲಿಕೈ ಇದೇ.

ಮೊದಲನೆಯದು ಸುಟ್ಟ ಸುರುಳಿಗಳದ್ದು. ಕ್ರಿ.ಶ. 79ರಲ್ಲಿ ಇಟಲಿಯ ವೆಸುವಿಯಸ್ ಜ್ವಾಲಾಮುಖಿ ಸಿಡಿದಾಗ ಹರ್ಕ್ಯುಲೇನಿಯಂ ಊರಿನ ಒಂದು ಮನೆಯ ಗ್ರಂಥಾಲಯ ಹೂತು ಹೋಯಿತು. ಪಪೈರಸ್ ಸುರುಳಿಗಳು ಸುಟ್ಟು ಇದ್ದಿಲಾದವು, ಆದರೆ ಬೂದಿಯಾಗಲಿಲ್ಲ. 18ನೇ ಶತಮಾನದಲ್ಲಿ ಅವು ಸಿಕ್ಕವು. ಬಿಚ್ಚಲು ಹೋದವರ ಕೈಯಲ್ಲಿ ಎಷ್ಟೋ ಪುಡಿಯಾದವು. ಶಾಯಿಯೂ ಇದ್ದಿಲಿನದು, ಹಾಳೆಯೂ ಇದ್ದಿಲು. ಮಾಮೂಲಿ ಎಕ್ಸ್-ರೇಗೆ ಎರಡೂ ಒಂದೇ. ಆದರೆ ಶಾಯಿ ಹಾಳೆಯೊಳಗೆ ಇಂಗಿರಲಿಲ್ಲ, ಮೇಲೆ ತುಸು ಉಬ್ಬಿ ನಿಂತಿತ್ತು. ವಿಟೊ ಮೊಚೆಲ್ಲಾ ಅವರ ತಂಡ ಇಲ್ಲಿ ಫೇಸ್ ಕಾಂಟ್ರಾಸ್ಟ್ ಬಳಸಿ, ಸುರುಳಿ ಬಿಚ್ಚದೆಯೇ ಒಳಗಿನ ಗ್ರೀಕ್ ಅಕ್ಷರಗಳನ್ನು ಗುರುತಿಸಿತು. 2015ರಲ್ಲಿ ಅದು ಪ್ರಕಟವಾಯಿತು. ಕೆಲವು ಅಕ್ಷರಗಳಷ್ಟೇ. ಆದರೂ ಮುಚ್ಚಿದ ಪುಸ್ತಕವನ್ನು ಓದಬಹುದು ಎನ್ನುವುದು ಅಲ್ಲಿಗೆ ಖಚಿತವಾಯಿತು.

ಎರಡನೆಯ ಕಥೆಯನ್ನು ನಾನು ಹೊಸಬರಿಗೆಲ್ಲ ಹೇಳುತ್ತಿರುತ್ತೇನೆ. ಮೇಲೆ ಹೆಸರಿಸಿದ ಪಾಲ್ ಟಫೊರೊ ಪಳೆಯುಳಿಕೆ ತಜ್ಞರು. ಕಲ್ಲಿನೊಳಗೆ ಸಿಕ್ಕಿಕೊಂಡ ಮೂಳೆ, ಹಲ್ಲು, ಮೊಟ್ಟೆ ನೋಡುವುದರಲ್ಲಿ ಪಳಗಿದ ಕೈ. 2020ರಲ್ಲಿ ಕೋವಿಡ್ ಬಂದಾಗ ಜರ್ಮನಿಯ ವೈದ್ಯರಿಗೆ ಸತ್ತವರ ಶ್ವಾಸಕೋಶದೊಳಗೆ ನಿಜಕ್ಕೂ ಏನಾಗಿದೆ ಎಂದು ನೋಡಬೇಕಿತ್ತು. ಆಸ್ಪತ್ರೆಯ ಸಿ.ಟಿ. ಸ್ಕ್ಯಾನಿನಲ್ಲಿ ಇಡೀ ಶ್ವಾಸಕೋಶ ಕಾಣುತ್ತದೆ, ಕೂದಲಿಗಿಂತ ಸಣ್ಣ ರಕ್ತನಾಳ ಕಾಣುವುದಿಲ್ಲ. ಸೂಕ್ಷ್ಮದರ್ಶಕದಲ್ಲಿ ಆ ನಾಳ ಕಾಣುತ್ತದೆ, ಆದರೆ ಅದಕ್ಕಾಗಿ ಅಂಗವನ್ನು ಎಳೆ ಎಳೆಯಾಗಿ ಕೊಯ್ಯಬೇಕು. ಯಾವ ನಾಳ ಎಲ್ಲಿಂದ ಎಲ್ಲಿಗೆ ಹೋಗುತ್ತಿತ್ತು ಎನ್ನುವುದು ಆಗ ತಪ್ಪಿಹೋಗುತ್ತದೆ. ಇಡೀ ಅಂಗವೂ ಬೇಕು, ಒಳಗಿನ ಎಳೆಯೂ ಬೇಕು, ಕೊಯ್ಯಲೂಬಾರದು. ಯೋಚಿಸಿ ನೋಡಿ, ಇದು ಪಳೆಯುಳಿಕೆಯವರ ಹಳೆಯ ಸಮಸ್ಯೆಯೇ ಅಲ್ವಾ?

ಟಫೊರೊ ಮಾಡಿದ ಉಪಾಯ ಕೇಳಲು ಸರಳ. ಕೆಡದಂತೆ ಸಂಸ್ಕರಿಸಿದ ಅಂಗವನ್ನು ಆಲ್ಕೋಹಾಲ್ ತುಂಬಿದ ಜಾಡಿಯಲ್ಲಿ ಇಡುವುದು. ಅದು ಅಲುಗದಂತೆ ಸುತ್ತಲೂ ಪುಡಿ ಮಾಡಿದ ಅಗರ್ ಜೆಲ್ಲಿ ತುಂಬುವುದು. ಗಾಳಿಯ ಗುಳ್ಳೆಗಳನ್ನು ಎಳೆದು ತೆಗೆಯುವುದು. ಒಂದೇ ಒಂದು ಗುಳ್ಳೆ ಉಳಿದರೂ ಚಿತ್ರ ಕೆಡುತ್ತದೆ. ಆಮೇಲೆ ಜಾಡಿಯನ್ನು ಬೀಮ್‌ನಲ್ಲಿ ನಿಧಾನವಾಗಿ ತಿರುಗಿಸುತ್ತಾ ಮೊದಲು ಇಡೀ ಅಂಗವನ್ನು, ನಂತರ ಬೇಕಾದ ಜಾಗವನ್ನು ಮಾತ್ರ ಇನ್ನೂ ಹತ್ತಿರದಿಂದ ನೋಡುವುದು. ಲಂಡನ್‌ನ ಯೂನಿವರ್ಸಿಟಿ ಕಾಲೇಜಿನ ಪೀಟರ್ ಲೀ, ಕ್ಲೇರ್ ವಾಲ್ಷ್ ಮತ್ತಿತರರು ಜೊತೆಗಿದ್ದರು. 2021ರಲ್ಲಿ ಪ್ರಬಂಧ ಬಂತು. ಶ್ವಾಸಕೋಶದಲ್ಲಿ ಎರಡು ಬೇರೆ ಬೇರೆ ರಕ್ತದ ಜಾಲ ಇದೆ. ಒಂದು ರಕ್ತಕ್ಕೆ ಆಮ್ಲಜನಕ ತುಂಬಲು, ಇನ್ನೊಂದು ಶ್ವಾಸಕೋಶವನ್ನೇ ಸಾಕಲು. ಕೋವಿಡ್ ತೀವ್ರವಾದವರಲ್ಲಿ ರಕ್ತ ಈ ಎರಡು ಜಾಲಗಳ ನಡುವೆ ಅಡ್ಡದಾರಿ ಹಿಡಿದಿತ್ತು. ಆ ಅಡ್ಡದಾರಿ ಕಣ್ಣಿಗೆ ಕಾಣುವಂತಾಯಿತು. ಆಗ ನಾನಿನ್ನೂ ಇಲ್ಲಿಗೆ ಬಂದಿರಲಿಲ್ಲ. ಆದರೆ ಆ ಶ್ವಾಸಕೋಶದ ಚಿತ್ರ ಮೊದಲ ಸಲ ನೋಡಿದಾಗ ಸುಮ್ನೆ ಕೂತುಬಿಟ್ಟೆ. ಅದು ಯಾರದೋ ಮನೆಯವರ ಉಸಿರಾಗಿತ್ತು. ಆ ಚಿತ್ರಗಳನ್ನೆಲ್ಲ ಹ್ಯೂಮನ್ ಆರ್ಗನ್ ಅಟ್ಲಾಸ್ ಎಂಬ ಹೆಸರಿನಲ್ಲಿ ಎಲ್ಲರಿಗೂ ತೆರೆದಿಟ್ಟಿದ್ದಾರೆ. ನೀವೂ ನೋಡಬಹುದು.

ಒಂದು ಶಾಖೆಯಿಂದ ಇನ್ನೊಂದಕ್ಕೆ ಜ್ಞಾನ ಹೇಗೆ ದಾಟುತ್ತದೆ ಎಂದು ನಾನು ಮೊದಲು ಬೇರೆ ರೀತಿ ಎಣಿಸಿದ್ದೆ. ದೊಡ್ಡ ಸಿದ್ಧಾಂತವೊಂದು ಬಂದು ಎಲ್ಲವನ್ನೂ ಜೋಡಿಸುತ್ತದೆ ಅಂದುಕೊಂಡಿದ್ದೆ. ಇಲ್ಲಿ ದಿನವೂ ಕಾಣುವುದು ಬೇರೆ. ಜೆಲ್ಲಿ, ಥರ್ಮೋಕೋಲ್, ಕ್ಯಾಮೆರಾ ಎಷ್ಟು ದೂರ ಇಡಬೇಕು ಎನ್ನುವ ಅಂದಾಜು, ಇಂಥವು ಕೈಯಿಂದ ಕೈಗೆ ದಾಟುತ್ತವೆ. ದಾಟಿಸುವವರು ಯಂತ್ರದ ಪಕ್ಕದಲ್ಲೇ ವರ್ಷಗಟ್ಟಲೆ ಕೂತವರು. ಅವರ ಹೆಸರು ಎಷ್ಟೋ ಸಲ ಪ್ರಬಂಧದ ಲೇಖಕರ ಸಾಲಿನ ಮಧ್ಯದಲ್ಲೆಲ್ಲೋ ಇರುತ್ತದೆ.

ಹಾಗಂತ ಎಲ್ಲರಿಗೂ ಒಂದೇ ಮಂತ್ರ ನಡೆಯುವುದಿಲ್ಲ. ಬೀಮ್ ಒಂದೇ, ಭಯ ಬೇರೆ ಬೇರೆ. ಪ್ರೋಟೀನ್ ಹರಳು ತರುವವರಿಗೆ ಎಕ್ಸ್-ರೇಯಿಂದ ಹರಳೇ ಸಾಯುವ ಚಿಂತೆ. ಅದಕ್ಕೆ ಅದನ್ನು ಸುಮಾರು -173 ಡಿಗ್ರಿಯಲ್ಲಿ ತಣ್ಣಗೆ ಇಟ್ಟಿರುತ್ತಾರೆ. ಪಳೆಯುಳಿಕೆಯವರಿಗೆ ಹಲ್ಲು ಒಡೆಯುವುದಿಲ್ಲ ಎಂದು ಗೊತ್ತು. ಆದರೆ ಜಾಸ್ತಿ ಕಿರಣ ಬಿದ್ದರೆ ಉಳಿದಿರಬಹುದಾದ ಹಳೆಯ ಡಿ.ಎನ್.ಎ. ಹಾಳಾಗಬಹುದು, ಮುಂದೆ ಅದರ ವಯಸ್ಸು ಅಳೆಯುವವರ ಲೆಕ್ಕವೂ ತಪ್ಪಬಹುದು. ಇನ್ನು ಚಿತ್ರಕಲೆಯವರು. ವ್ಯಾನ್ ಗೋ ಬಳಸಿದ ಕ್ರೋಮ್ ಹಳದಿ ಕಾಲ ಕಳೆದಂತೆ ಯಾಕೆ ಕಂದಾಗುತ್ತದೆ ಎಂದು 2011ರಲ್ಲಿ ಇಲ್ಲೇ ಕಂಡುಕೊಂಡರು. ಬೆಳಕು ಬಿದ್ದು ಬಣ್ಣದಲ್ಲಿರುವ ಕ್ರೋಮಿಯಂ ಒಂದು ರೂಪದಿಂದ ಇನ್ನೊಂದಕ್ಕೆ ಬದಲಾಗುತ್ತದೆ. ಎಕ್ಸ್-ರೇ ಕೂಡ ಒಂದು ಬೆಳಕೇ ಅಲ್ಲವೇ? ನೋಡುವ ಕಿರಣವೇ ಬಣ್ಣ ಬದಲಿಸಿಬಿಟ್ಟರೆ? ಹಾಗಾಗಿ ಅವರು ಸಾಸಿವೆಗಿಂತ ಚಿಕ್ಕ ಬಣ್ಣದ ಚೂರಿನ ಮೇಲೆ, ಸಾಕೋ ಸಾಕು ಅನ್ನುವಷ್ಟೇ ಕಿರಣ ಬಿಟ್ಟು ಕೆಲಸ ಮಾಡುತ್ತಾರೆ. ‘ಡ್ಯಾಮೇಜ್’ ಎಂದು ಯಾರಾದರೂ ಅಂದರೆ ನಾನೀಗ ಮೊದಲು ಕೇಳುವುದು, ಯಾವ ಬಗೆಯದು ಎಂದು.

ಭೂಮಿಯ ಒಳಗನ್ನು ಅರಿಯುವವರು ಇದಕ್ಕೆಲ್ಲ ತದ್ವಿರುದ್ಧ. ಅವರು ಎರಡು ವಜ್ರದ ತುದಿಗಳ ನಡುವೆ ಕಬ್ಬಿಣದ ಕಣವನ್ನು ಲಕ್ಷಗಟ್ಟಲೆ ವಾತಾವರಣದ ಒತ್ತಡದಲ್ಲಿ ಅದುಮಿ, ಲೇಸರಿನಿಂದ ಕಾಯಿಸುತ್ತಾರೆ. ಅದು ಕರಗುವ ಕ್ಷಣವನ್ನು ಎಕ್ಸ್-ರೇ ಹಿಡಿಯುತ್ತದೆ. ಭೂಮಿಯ ಒಳಗರ್ಭದ ಅಂಚಿನಲ್ಲಿ ಸುಮಾರು 6,000 ಡಿಗ್ರಿ ಸೆಲ್ಸಿಯಸ್ ಇರಬೇಕು ಎಂಬ 2013ರ ಲೆಕ್ಕ ಇಲ್ಲಿನ ಅಳತೆಯಿಂದ ಬಂದದ್ದು. ಅವರ ವಾರಗಳಲ್ಲಿ ವಜ್ರ ಒಡೆಯುವುದು ಮಾಮೂಲು. ಹಲ್ಲಿನವರು ಅದನ್ನು ಕೇಳಿದರೆ ಡಬ್ಬಿಯನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಳ್ಳುತ್ತಾರೇನೋ.

ನಮ್ಮಲ್ಲಿ ಹತ್ತನೇ ಕ್ಲಾಸು ಮುಗಿಯುತ್ತಿದ್ದಂತೆ ಮಕ್ಕಳನ್ನು ಒಂದೊಂದು ಸಾಲಿಗೆ ನಿಲ್ಲಿಸಿಬಿಡುತ್ತೇವೆ. ಇದು ನನಗೆ ಈಗ ಮೊದಲಿಗಿಂತ ಜಾಸ್ತಿ ನೋವು ಕೊಡುತ್ತದೆ. ಜೀವಕೋಶದಲ್ಲಿ ಪ್ರೋಟೀನ್ ತಯಾರಿಸುವ ರೈಬೋಸೋಮ್‌ನ ರಚನೆಗೆ 2009ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಡೆದ ವೆಂಕಿ ರಾಮಕೃಷ್ಣನ್ ಪಿಎಚ್.ಡಿ. ಮಾಡಿದ್ದು ಭೌತವಿಜ್ಞಾನದಲ್ಲಿ. ಆಮೇಲೆ ಜೀವಶಾಸ್ತ್ರವನ್ನು ಮತ್ತೆ ವಿದ್ಯಾರ್ಥಿಯಾಗಿ ಕೂತು ಕಲಿತರು. ಅವರಿಗೆ ಉತ್ತರ ಕೊಟ್ಟದ್ದೂ ಸಿಂಕ್ರೋಟ್ರಾನ್ ಎಕ್ಸ್-ರೇಯೇ.

ಊರಿನಲ್ಲಿ ಸಂಶೋಧನೆ ಮಾಡುತ್ತಿರುವವರು ಇದನ್ನು ಓದುತ್ತಿದ್ದರೆ ಅವರಿಗೊಂದು ಮಾತು. ಸಿಂಕ್ರೋಟ್ರಾನ್ ಬರೀ ಭೌತವಿಜ್ಞಾನಿಗಳದ್ದಲ್ಲ. ನಮ್ಮ ದೇಶದಲ್ಲೂ ಇಂದೋರ್‌ನಲ್ಲಿ ಇಂಡಸ್-2 ಇದೆ. ನೀವು ಮಣ್ಣಿನವರಾಗಿರಲಿ, ಶಾಸನದವರಾಗಿರಲಿ, ಬೀಜದ ಮೇಲೆ ಕೆಲಸ ಮಾಡುವವರಾಗಿರಲಿ, ಒಡೆಯಲು ಮನಸ್ಸು ಬಾರದ ಒಂದು ವಸ್ತು ನಿಮ್ಮ ಹತ್ತಿರ ಇದ್ದರೆ ಸಾಕು. ಎಕ್ಸ್-ರೇಯ ಗಣಿತ ಗೊತ್ತಿಲ್ಲ ಎಂದು ಹಿಂಜರಿಯಬೇಡಿ. ಇಲ್ಲಿ ಗ್ರೆನೋಬಲ್‌ನಲ್ಲಿ ವರ್ಷಕ್ಕೆ ಎರಡು ಸಲ ಅರ್ಜಿ ಕರೆಯುತ್ತಾರೆ. ಪ್ರಕಟಿಸುವ ಸಂಶೋಧನೆಯಾದರೆ ಆಯ್ಕೆಯಾದ ತಂಡ ಬೀಮ್‌ಗೆ ದುಡ್ಡು ಕೊಡಬೇಕಿಲ್ಲ. ಅರ್ಜಿ ಬರೆಯುವ ಮೊದಲೇ ಬೀಮ್‌ಲೈನ್‌ನವರಿಗೆ ಒಂದು ಇ-ಮೇಲ್ ಹಾಕಿ. ವಸ್ತು ಎಷ್ಟು ದೊಡ್ಡದು, ಯಾವುದರಿಂದ ಆಗಿದೆ, ಒಳಗೆ ಏನು ನೋಡಬೇಕು, ಯಾವುದು ಹಾಳಾಗಬಾರದು, ಇಷ್ಟು ಬರೆಯಿರಿ. ಒಂದು ಫೋಟೋ ಇಡಿ, ಪಕ್ಕದಲ್ಲಿ ಸ್ಕೇಲ್ ಇರಲಿ.