ನೆಲದಿಂದ ಹೊಗೆ ಏಳುತ್ತಿದ್ದ ಊರು

ಅಮೆರಿಕದ ಕ್ಯಾನ್ಸಸ್ ರಾಜ್ಯದ ಸ್ಟಾಕ್‌ಟನ್‌ನಿಂದ 24ನೇ ಹೆದ್ದಾರಿ ಹಿಡಿದು ಪಶ್ಚಿಮಕ್ಕೆ ಹೊರಟರೆ ಎರಡೂ ಬದಿಗೆ ಗೋಧಿ, ಜೋಳ, ಖಾಲಿ ಹುಲ್ಲುಗಾವಲು. ಕಾರಿನ ವೇಗ ತಗ್ಗಿಸದಿದ್ದರೆ ನಿಕೋಡೆಮಸ್ ಎಂಬ ಪುಟ್ಟ ಊರು ಬಂದದ್ದೂ ಹೋದದ್ದೂ ಗೊತ್ತಾಗುವುದಿಲ್ಲ. ಪೆಟ್ರೋಲನ್ನು ಸ್ಟಾಕ್‌ಟನ್‌ನಲ್ಲೇ ತುಂಬಿಸಿಕೊಳ್ಳಿ. ಮರೆತರೆ ಮುಂದೆ ಹಿಲ್ ಸಿಟಿಯವರೆಗೆ ಉಸಿರು ಬಿಗಿಹಿಡಿದೇ ಓಡಿಸಬೇಕು. ನಿಕೋಡೆಮಸ್‌ನಲ್ಲಿ ಬಂಕೂ ಇಲ್ಲ, ಅಂಗಡಿಯೂ ಇಲ್ಲ.

ಗುಲಾಮಗಿರಿಯಿಂದ ಬಿಡುಗಡೆಯಾದ ಕರಿಯರು 1877ರಲ್ಲಿ ಕಟ್ಟಿದ ಊರಿದು. ಭೂವ್ಯವಹಾರ ನಡೆಸುತ್ತಿದ್ದ ಬಿಳಿಯ ಡಬ್ಲ್ಯು. ಆರ್. ಹಿಲ್ ಮತ್ತು ಕರಿಯ ಪಾದ್ರಿ ಡಬ್ಲ್ಯು. ಎಚ್. ಸ್ಮಿತ್ ಸೇರಿ ಕಂಪನಿ ಮಾಡಿ, ಇಲ್ಲಿಗೆ ಬಂದು ನೆಲೆಸಿ ಎಂದು ಕೆಂಟಕಿ ರಾಜ್ಯದಲ್ಲಿ ಕರಪತ್ರ ಹಂಚಿಸಿದರು. ಜನ ರೈಲಿನಲ್ಲಿ ಎಲ್ಲಿಸ್‌ವರೆಗೆ ಬಂದರು. ಅಲ್ಲಿಂದ ಸುಮಾರು 35 ಮೈಲಿ ಹುಲ್ಲುಗಾವಲಿನ ಹಾದಿ. ಮುಂದಿನ ವಸಂತದಲ್ಲಿ ಬಂದ ವಿಲಿಯಾನಾ ಹಿಕ್‌ಮನ್‌ಗೆ, ಅದೇ ನೋಡಿ ನಿಕೋಡೆಮಸ್ ಎಂದು ಗಂಡಸರು ಕೈ ತೋರಿಸಿದ ಕಡೆ ಒಂದು ಮನೆಯೂ ಕಾಣಲಿಲ್ಲ. ನೆಲದೊಳಗಿಂದ ಹೊಗೆ ಮಾತ್ರ ಏಳುತ್ತಿತ್ತು. ಆಕೆ ಅತ್ತೇಬಿಟ್ಟರು.

ಹೊಗೆ ಬರುತ್ತಿದ್ದದ್ದು ತೋಡುಮನೆಗಳಿಂದ. ಮರವೆಂದರೆ ಹೊಳೆದಂಡೆಯಲ್ಲಿ ಮಾತ್ರ, ಹಾಗಾಗಿ ಹಲಗೆಯ ಮನೆ ಕನಸಿನ ಮಾತು. ದಿಬ್ಬದ ಮೈಯನ್ನು ಒಳಕ್ಕೆ ಕೊರೆದರೆ ಮೂರು ಗೋಡೆ ಪುಕ್ಕಟೆ ಸಿಕ್ಕಿತು. ನಾಲ್ಕನೆಯದಕ್ಕೆ ಬೇರುಗಟ್ಟಿದ ಹುಲ್ಲುಹೆಂಟೆಯನ್ನು ಇಟ್ಟಿಗೆಯಂತೆ ಕತ್ತರಿಸಿ, ಹುಲ್ಲಿನ ಮುಖ ಕೆಳಗೆ ಮಾಡಿ, ಸಂದು ಒಂದರ ಮೇಲೊಂದು ಬಾರದಂತೆ ಪೇರಿಸಬೇಕು. ಮೇಲೆ ಒಂದು ತೊಲೆ, ಅದರ ಮೇಲೆ ಕಡ್ಡಿ, ಹುಲ್ಲು, ಮಣ್ಣು. ತೊಂದರೆ ಇರುವುದೇ ಈ ಮಾಡಿನಲ್ಲಿ: ಮಳೆ ನೀರು ಕುಡಿದ ಮಣ್ಣಿನ ಭಾರಕ್ಕೆ ತೊಲೆ ಬಾಗುತ್ತದೆ. ಹೊರಗೆ ಮಳೆ ನಿಂತರೂ ಒಳಗೆ ಕೆಸರುನೀರು ತೊಟ್ಟಿಕ್ಕುತ್ತಲೇ ಇರುತ್ತದೆ. ಒಲೆಗೆ ಸೂರ್ಯಕಾಂತಿಯ ದಂಟು, ಕಾಡೆಮ್ಮೆಯ ಒಣ ಸಗಣಿ. ಬೆರಣಿ ತಟ್ಟುವ ಕೆಲಸವಿಲ್ಲ, ಬಿದ್ದಲ್ಲೇ ಒಣಗಿದ್ದನ್ನು ಆಯ್ದು ತಂದರಾಯಿತು. ಮೊದಲ ಚಳಿಗಾಲಕ್ಕೆ ಕಾಳಿರಲಿಲ್ಲ. ಬೇಟೆಯಿಂದ ಮರಳುತ್ತಿದ್ದ ಓಸೇಜ್ ಬುಡಕಟ್ಟಿನವರು ಕೊಟ್ಟ ಮಾಂಸ ಎಷ್ಟೋ ಜೀವ ಉಳಿಸಿತು.

ಚಳಿಗೆ ಬಗ್ಗದ ಊರನ್ನು ಬಗ್ಗಿಸಿದ್ದು ರೈಲು. 1887ರಲ್ಲಿ ಮಿಸೌರಿ ಪೆಸಿಫಿಕ್ ಕಂಪನಿಯನ್ನು ಕರೆತರಲು 16,000 ಡಾಲರ್ ಸಾಲಪತ್ರಕ್ಕೆ ಜನ ಮತ ಹಾಕಿದರು. ಆ ಹಳಿ ಬರಲಿಲ್ಲ. 1888ರಲ್ಲಿ ಯೂನಿಯನ್ ಪೆಸಿಫಿಕ್ ಹಳಿ ಹಾಕಿತು, ಆದರೆ ಸಾಲೊಮನ್ ನದಿಯ ಆಚೆ ದಡದಲ್ಲಿ. ಅಲ್ಲಿ ಬೋಗ್ ಎಂಬ ಊರು ಎದ್ದಿತು, ಇಲ್ಲಿನ ಅಂಗಡಿಗಳು ಅತ್ತ ಹೋದವು. 1953ರಲ್ಲಿ ಅಂಚೆ ಕಚೇರಿಯೂ ಮುಚ್ಚಿತು.

ಈಗ ಇರುವವರು ಇಪ್ಪತ್ತೈದನ್ನೂ ದಾಟುವುದಿಲ್ಲ. ಶಾಲೆ, ಹೋಟೆಲು, ಎರಡು ಚರ್ಚು ಮತ್ತು 1939ರ ಸುಣ್ಣಕಲ್ಲಿನ ಟೌನ್‌ಶಿಪ್ ಹಾಲ್, ಈ ಐದು ಕಟ್ಟಡಗಳು 1996ರಿಂದ ರಾಷ್ಟ್ರೀಯ ಐತಿಹಾಸಿಕ ತಾಣ. ಕಟ್ಟಡಗಳು ಸಪ್ಪೆ. ಚೆಂದದ ಫೋಟೊಗೆ ಬಂದವರಿಗೆ ನಿರಾಸೆಯೇ ಗತಿ. ಹೋಗುವುದಾದರೆ ಜುಲೈ ಕೊನೆಯ ವಾರಾಂತ್ಯಕ್ಕೆ ಹೋಗಿ. ಎಲ್ಲೆಲ್ಲೋ ಚದುರಿದ ವಂಶಸ್ಥರು ಅಂದು ಊರಿಗೆ ಮರಳುತ್ತಾರೆ. ಹಿಲ್ ಸಿಟಿಯಲ್ಲಿ ಕೋಣೆ ಮಾತ್ರ ಬಹಳ ಮೊದಲೇ ಕಾದಿರಿಸಿ.